ಮಂಡಿಗೊಂದು ಸೈಕಲ್

ದೇಹದ ಯಾವ ಭಾಗ ಸರಿಯಾಗಿ ಕೆಲಸ ಮಾಡುತ್ತಿರುತ್ತದೋ ಅದು ಇದೆ ಎಂಬ ನೆನಪೇ ನಮಗಿರುವುದಿಲ್ಲ. ಐವತ್ತನಾಲ್ಕು ವರ್ಷ ನನಗೆ ಎರಡು ಮಂಡಿಗಳಿದ್ದವು. ಒಂದು ದಿನವಾದರೂ ಅವುಗಳ ಕಡೆ ತಿರುಗಿ ನೋಡಿದವನಲ್ಲ. ಕಣ್ಣಿಗೆ ಕನ್ನಡಕ ಹಾಕಿಸಿದೆ, ಹುಳುಕು ಹಲ್ಲಿಗೆ ಸಿಮೆಂಟ್ ತುಂಬಿಸಿದೆ, ತಲೆಗೂದಲು ಇದ್ದಷ್ಟು ಕಾಲ ಅದಕ್ಕೆ ಮಂಡ್ಯದಿಂದ ಎಣ್ಣೆ ತರಿಸಿದೆ. ಮಂಡಿಗೆ ಮಾತ್ರ ಏನೂ ಮಾಡಲಿಲ್ಲ. ಅವು ಚೆನ್ನೈ ವಡಪಳನಿಯ ನಮ್ಮ ಎರಡನೇ ಮಹಡಿಯ ಮನೆಯ ಮೆಟ್ಟಿಲನ್ನು ದಿನಾ ಇಳಿಸಿ ಹತ್ತಿಸುತ್ತಿದ್ದವು, ನುಂಗಂಬಾಕ್ಕಂನ ನನ್ನ ವಿಮಾ ಕಚೇರಿಯಲ್ಲಿ ಎಂಟು ಗಂಟೆ ಮೇಜಿನ ಕೆಳಗೆ ಮಡಚಿಕೊಂಡು ಬಿದ್ದಿರುತ್ತಿದ್ದವು. ನಾನು ಅವುಗಳನ್ನು ಗಮನಿಸಿದ್ದು ನನ್ನ ಹೆಂಡತಿ ಗಿರಿಜಾ ದಾವಣಗೆರೆಗೆ ಹೋದ ಮೇಲೆ.

ಗಿರಿಜಾ ಬ್ಯಾಂಕಿನಲ್ಲಿದ್ದಾಳೆ. ಕಳೆದ ವರ್ಷ ಜೂನ್ ತಿಂಗಳಲ್ಲಿ ಅವಳಿಗೆ ಬಡ್ತಿ ಬಂತು, ಬಡ್ತಿಯ ಜೊತೆ ದಾವಣಗೆರೆಯೂ ಬಂತು. ಎರಡು ವರ್ಷ. ಮಗಳು ಚೈತ್ರಾ ಪ್ಲಸ್ ಟೂ ಓದುತ್ತಿರುವುದರಿಂದ ಅವಳು ಚೆನ್ನೈ ಬಿಡುವಂತಿಲ್ಲ, ಅವಳು ಬಿಡುವಂತಿಲ್ಲ ಅಂದಮೇಲೆ ನಾನೂ ಬಿಡುವಂತಿಲ್ಲ. "ಎರಡು ವರ್ಷ ಏನ್ರೀ, ಕಣ್ಮುಚ್ಚಿ ಬಿಡೋದ್ರೊಳಗೆ ಆಗೋಗುತ್ತೆ" ಎಂದು ಗಿರಿಜಾ ರೈಲು ಹತ್ತಿದಳು. ಕಣ್ಣು ಮುಚ್ಚಿ ತೆರೆಯುವ ಕೆಲಸವನ್ನು ನಾನು ಅಂದಿನಿಂದ ಎಷ್ಟೋ ಸಲ ಮಾಡಿದ್ದೇನೆ. ಗೋಡೆಯ ಕ್ಯಾಲೆಂಡರ್ ಅಲ್ಲೇ ಇರುತ್ತದೆ.

ಅವಳಿದ್ದಾಗ ದಿನಾ ಬೆಳಿಗ್ಗೆ ಇಬ್ಬರೂ ಪಾರ್ಕಿಗೆ ಹೋಗುತ್ತಿದ್ದೆವು. ಮೂರು ಸುತ್ತಿಗೆ ಒಂದು ಗಂಟೆ. ಇಷ್ಟು ನಿಧಾನವಾಗಿ ನಡೆಯುವುದು ಸುಲಭವಲ್ಲ, ಅದಕ್ಕೆ ಗಿರಿಜಾಳಂಥ ಜೊತೆ ಬೇಕು. ಮುರುಗನ್ ಗುಡಿಯ ಹಿಂದಿನ ಬೀದಿಯಲ್ಲಿ ಹೂ ಕಟ್ಟುವ ವಳ್ಳಿಯಮ್ಮನ ಸೊಸೆಯ ಸಮಾಚಾರ ಕೇಳಬೇಕು, ಪಾರ್ಕಿನ ಗೇಟಿನ ನಾಯಿಗೆ ಬಿಸ್ಕತ್ತು ಹಾಕಬೇಕು, ಹಾಗೇ ತನ್ನ ಮೈಸೂರಿನ ಚಿಕ್ಕಮ್ಮ ಗೃಹಪ್ರವೇಶಕ್ಕೆ ಕರೆಯದೆ ಇದ್ದದ್ದನ್ನು ನೆನೆಸಿಕೊಂಡು ಒಂದು ಬೆಂಚಿನ ಮೇಲೆ ಕೂತು ಪೂರ್ತಿ ಹೇಳಬೇಕು. ಅವಳು ಹೋದ ಮೇಲೆ ನಾನೊಬ್ಬನೇ ಹೊರಟೆ. ಮೂರು ಸುತ್ತು ಇಪ್ಪತ್ತು ನಿಮಿಷಕ್ಕೆ ಮುಗಿದುಹೋಯಿತು. ಇಷ್ಟು ಬೇಗ ಮನೆಗೆ ಹೋಗಿ ಏನು ಮಾಡುವುದು? ಇನ್ನು ಮೂರು ಸುತ್ತು ಹಾಕಿದೆ. ಮರುವಾರ ಎಂಟಾಯಿತು, ಆಮೇಲೆ ಹತ್ತು. ಸಿಮೆಂಟ್ ಹಾದಿಯ ಮೇಲೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎನ್ನುವಂತೆ ದಬದಬ ನಡೆದೆ. ಆಗಸ್ಟ್ ಹೊತ್ತಿಗೆ ಬಲಮಂಡಿ ಊದಿಕೊಂಡು ಪುಟ್ಟ ತೆಂಗಿನಕಾಯಿಯಂತಾಯಿತು.

ಕ್ಲಿನಿಕ್ಕಿಗೆ ಕುಂಟುತ್ತಾ ಹೋದೆ. ಹದಿನೆಂಟು ವರ್ಷದಿಂದ ತಮಿಳು ಮಾತಾಡುತ್ತಿದ್ದೇನೆ, ಆದರೆ ನೋವಾದಾಗ ಬಾಯಿಗೆ ಬರುವುದು ಕನ್ನಡವೇ. "ಮಂಡಿ, ಮಂಡಿ" ಎಂದೆ. ಚೀಟಿ ಬರೆಯುವ ಹುಡುಗಿ ಗಾಬರಿಯಿಂದ "ಮಂಡೈಯಾ?" ಎಂದು ತನ್ನ ತಲೆ ಮುಟ್ಟಿಕೊಂಡು ಕೇಳಿದಳು. ತಮಿಳಿನಲ್ಲಿ ತಲೆಗೆ ಮಂಡೈ, ಮಂಡಿಗೆ ಮುಟ್ಟಿ. ನಾನು ಅವಸರದಲ್ಲಿ ಹೂಂ ಎಂದುಬಿಟ್ಟೆ. ಹೀಗಾಗಿ ಡಾಕ್ಟರ್ ನನ್ನನ್ನು ಕೂರಿಸಿ ಮೊದಲು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಎಲ್ಲಿ ಬಿದ್ದಿರಿ, ವಾಂತಿ ಆಯಿತೇ ಎಂದೆಲ್ಲ ವಿಚಾರಿಸಿದರು. ನಾನು ಪ್ಯಾಂಟನ್ನು ಮೇಲಕ್ಕೆ ಸರಿಸಿದ ಮೇಲೆಯೇ ಸಮಸ್ಯೆ ನಾಲ್ಕು ಅಡಿ ಕೆಳಗಿದೆ ಎಂದು ಅವರಿಗೆ ತಿಳಿದದ್ದು. ನಕ್ಕರು. ನಕ್ಕು, ಆರು ತಿಂಗಳು ಗಟ್ಟಿ ನೆಲದ ಮೇಲೆ ವಾಕಿಂಗ್ ಬೇಡ, ಹಾಗಂತ ಸುಮ್ಮನೆ ಕೂತರೆ ಮಂಡಿ ಬಿಗಿದುಕೊಂಡುಬಿಡುತ್ತೆ, ತೂಕವೂ ಇಳಿಯಬೇಕು, ಮನೆಯಲ್ಲೇ 'ಲೋ ಇಂಪ್ಯಾಕ್ಟ್' ಆಗಿ ಏನಾದರೂ ಮಾಡಿ, ಒಂದು ಮೆಷಿನ್ ತಗೊಳ್ಳಿ ಎಂದರು. ನನ್ನ ಸರ್ವೀಸಿನ ಮೂವತ್ತು ವರ್ಷವೂ ಲೋ ಇಂಪ್ಯಾಕ್ಟೇ ಡಾಕ್ಟರೇ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವರು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ವಿಷಯ ಅಂದೇ ದಾವಣಗೆರೆಗೆ ಮುಟ್ಟಿತು. ಗಿರಿಜಾ ಬ್ಯಾಂಕಿನ ಕೆಲಸವನ್ನು ಹೇಗೆ ಮಾಡುತ್ತಾಳೋ ಮನೆಯ ಕೆಲಸವನ್ನೂ ಹಾಗೇ ಮಾಡುವವಳು. ವಿಡಿಯೋ ಕಾಲ್ ಮಾಡಿ, "ಟೈಲರಿಂಗ್ ಟೇಪ್ ಎರಡನೇ ಡ್ರಾಯರ್‌ನಲ್ಲಿದೆ, ತಗೊಂಡು ಹಾಲ್ ಅಳೀರಿ" ಎಂದಳು. ಅಳೆದೆ. ಸೋಫಾ ಪಕ್ಕ ಎರಡಡಿ, ಟಿವಿ ಮುಂದೆ ಏನೂ ಇಲ್ಲ, ಊಟದ ಮೇಜಿನ ಹಿಂದೆ ಬೆಕ್ಕು ಕೂರುವಷ್ಟು. "ಬಾಲ್ಕನಿ ಬಾಗಿಲ ಹತ್ರ ಇದೆಯಲ್ರೀ ಅಷ್ಟು ಜಾಗ?" ಎಂದಳು. ಇದೆ. ಆದರೆ ಅಲ್ಲಿ ಅವಳ ಬೆತ್ತದ ಕುರ್ಚಿ ಇದೆ. ಭಾನುವಾರ ಅವಳು ಅದರಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುವುದಕ್ಕಿಂತ ಕೆಳಗೆ ಬೀದಿಯಲ್ಲಿ ಸಿನಿಮಾ ಸ್ಟುಡಿಯೋದ ಯಾವ ಶೂಟಿಂಗ್ ವ್ಯಾನ್ ಬಂತು, ಅದರಿಂದ ಯಾರು ಇಳಿದರು ಎಂದು ನೋಡುವುದೇ ಹೆಚ್ಚು. "ಅಲ್ಲಿ ಬಿಸಿಲು ಬೀಳುತ್ತೆ, ಮೆಷಿನ್‌ಗೆ ಒಳ್ಳೇದಲ್ಲ" ಎಂದೆ ನಾನು.

ಆಮೇಲೆ ಶುರುವಾಯಿತು ನನ್ನ ಮೆಷಿನ್ ಹುಡುಕಾಟ. ಆಫೀಸಿನ ಹತ್ತಿರವೇ ಒಂದು ದೊಡ್ಡ ಅಂಗಡಿಯಿತ್ತು. ಊಟದ ಬಿಡುವಿನಲ್ಲಿ ಅಲ್ಲಿಗೆ ಹೋಗತೊಡಗಿದೆ. ಸೆಲ್ವಿ ಎಂಬ ಚುರುಕಾದ ಹುಡುಗಿ ನನ್ನ ಪಾಲಿಗೆ ಬಂದಳು. ನನ್ನ ಕಾಲು ನೋಡಿದವಳೇ ಟ್ರೆಡ್‌ಮಿಲ್ ಸಾಲನ್ನು ದಾಟಿಸಿಕೊಂಡು ಮುಂದೆ ಕರೆದೊಯ್ದಳು. ಅದೂ ನಡೆದ ಹಾಗೇ, ಮಂಡಿಗೆ ಪೆಟ್ಟು ಎಂದಳು. ಮೊದಲು ಎಲಿಪ್ಟಿಕಲ್ ಹತ್ತಿಸಿದಳು. ನಿಂತುಕೊಂಡು ಕಾಲನ್ನು ಗಾಳಿಯಲ್ಲಿ ತುಳಿಯಬೇಕು, ಕೈಯಲ್ಲಿ ಎರಡು ಕಂಬಿಗಳನ್ನು ಹಿಂದಕ್ಕೂ ಮುಂದಕ್ಕೂ ಎಳೆಯಬೇಕು. ನಾನು ಮುಂದಕ್ಕೆ ತುಳಿದರೆ ಅದು ಹಿಂದಕ್ಕೆ ಹೋಯಿತು. ಸರಿ, ಹಿಂದಕ್ಕೇ ಹೋಗೋಣ ಎಂದರೆ ಮುಂದಕ್ಕೆ ಬಂತು. ಆಮೇಲೆ ದೋಣಿ ಹುಟ್ಟುಹಾಕುವ ಮೆಷಿನ್. ನೆಲದಿಂದ ಒಂದಡಿ ಎತ್ತರದಲ್ಲಿ ಕೂತು ಹಗ್ಗ ಎಳೆಯುವುದು. ಎಳೆಯುವುದೇನೋ ಚೆನ್ನಾಗಿಯೇ ಎಳೆದೆ, ಏಳುವುದು ಸಾಧ್ಯವಾಗಲಿಲ್ಲ. ಸೆಲ್ವಿ ಒಂದು ಕೈ, ಬಾಗಿಲ ಸೆಕ್ಯೂರಿಟಿಯವರು ಒಂದು ಕೈ ಹಿಡಿದು ಮೇಲಕ್ಕೆತ್ತಿದರು. ಕೊನೆಗೆ ಬೆನ್ನಿಗೆ ಒರಗು ಇರುವ ಸೈಕಲ್. ಕುರ್ಚಿಯಲ್ಲಿ ಕೂತ ಹಾಗೆ ಕೂತು ಮುಂದಕ್ಕೆ ಕಾಲು ಚಾಚಿ ತುಳಿಯುವುದು. ಆಹಾ! ಮಂಡಿ ಒಂದು ಮಾತೂ ಆಡಲಿಲ್ಲ. ಹತ್ತು ನಿಮಿಷ ತುಳಿದೆ. "ಸರ್, ಇದೇ ಕರೆಕ್ಟ್" ಎಂದಳು ಸೆಲ್ವಿ. ನನಗೂ ಹಾಗೇ ಅನ್ನಿಸಿತು. ಟೇಪ್ ತೆಗೆದು ಅಳೆದೆ. ಬಾಲ್ಕನಿ ಬಾಗಿಲ ಹತ್ತಿರದ ಜಾಗಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. "ಯೋಚನೆ ಮಾಡಿ ಹೇಳ್ತೀನಿ" ಎಂದು ಬಂದುಬಿಟ್ಟೆ.

ಹೀಗೆ ಯೋಚನೆ ಮಾಡುತ್ತಾ ಒಂದು ತಿಂಗಳು ಕಳೆಯಿತು. ಗಿರಿಜಾ ದಿನಾ ಕೇಳುತ್ತಿದ್ದಳು. ಒಂದು ದಿನ ಬಣ್ಣ ಸರಿಯಿಲ್ಲ ಎಂದೆ, ಇನ್ನೊಂದು ದಿನ ಸದ್ದು ಜಾಸ್ತಿ, ಕೆಳಗಿನ ಮನೆಯವರು ಬಯ್ಯುತ್ತಾರೆ ಎಂದೆ. ಹೊಸದು ಬೇಡ, ಹಳೆಯದು ಸಿಗುತ್ತೇನೋ ನೋಡೋಣ ಎಂದೂ ಹೇಳಿದೆ. ಅದನ್ನು ಹೇಳಬಾರದಿತ್ತು. "ಹಾಗಿದ್ರೆ ಶುಕ್ರವಾರ ರಜಾ ಹಾಕಿ ಪಲ್ಲಾವರಂ ಸಂತೆಗೆ ಹೋಗಿ, ಚೈತ್ರಾನೂ ಕರ್ಕೊಂಡು ಹೋಗಿ, ಅವಳಿಗೂ ರಜಾ ಇದೆ" ಎಂದು ಅಪ್ಪಣೆಯಾಯಿತು.

ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಸಿಗದ ವಸ್ತುವಿಲ್ಲ. ಮೇಕೆಮರಿ, ಮಲ್ಲಿಗೆ ಗಿಡ, ಮುರಿದ ಟೈಪ್‌ರೈಟರ್, ಯಾರದೋ ಮದುವೆಯ ಫೋಟೋ ಸಮೇತ ಚೌಕಟ್ಟು. ತಲೆಯ ಮೇಲೆ ಪಕ್ಕದ ನಿಲ್ದಾಣಕ್ಕೆ ವಿಮಾನ ಇಳಿಯುತ್ತಿದ್ದರೆ ಕೆಳಗೆ ಒಂದು ಟಾರ್ಪಾಲಿನ ಮೇಲೆ ಮನೆವ್ಯಾಯಾಮದ ಮೆಷಿನ್‌ಗಳೆಲ್ಲ ಸಾಲಾಗಿ ನಿಂತಿದ್ದವು. ಅಂಗಡಿಯ ಹೆಂಗಸು ವೀಳ್ಯದೆಲೆ ಜಗಿಯುತ್ತಾ ಕೂತಿದ್ದಳು. ಹಳೆಯದಾದ್ದರಿಂದ ಸವೆದಿರಬಹುದಲ್ಲವಾ ಎಂದು ಕೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. "ಎಲ್ಲಾಮೇ ಪುದುಸು ದಾನ್ ಸಾರ್. ಯಾರುಮೇ ಓಟ್ಟಲ" ಎಂದಳು. ಎಲ್ಲವೂ ಹೊಸದೇ, ಯಾರೂ ಓಡಿಸಿಯೇ ಇಲ್ಲ. ಬೇಕಾದರೆ ನೋಡಿ ಎಂದು ಒಂದರ ಹಿಡಿಯ ಮೇಲೆ ಒದ್ದೆ ಟವೆಲ್ ಒಣಗಿಸಿ ಒಣಗಿಸಿ ಬಿದ್ದ ತುಕ್ಕಿನ ಗೆರೆ ತೋರಿಸಿದಳು. ಆ ಸಾಲಿನ ಕೊನೆಯಲ್ಲಿ ನಾನು ಅಂಗಡಿಯಲ್ಲಿ ತುಳಿದಿದ್ದಂಥದೇ ಒರಗು ಸೈಕಲ್ ಇತ್ತು. ಸದ್ದಿಲ್ಲ. ಬಣ್ಣವೂ ಬೂದಿ, ಯಾರೂ ದೂರುವಂತಿಲ್ಲ.

ಗಿರಿಜಾ ಊಟದ ಡಬ್ಬಿ ಮುಂದಿಟ್ಟುಕೊಂಡು ವಿಡಿಯೋದಲ್ಲಿ ಬಂದಳು. "ತಗೊಳ್ರೀ, ಇನ್ನೇನು?" ಎಂದಳು. "ಜಾಗ ಆಗಲ್ಲ ಕಣೇ" ಎಂದೆ. ಚೈತ್ರಾ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ನಮ್ಮ ಕನ್ನಡವನ್ನೆಲ್ಲ ಅರ್ಥ ಮಾಡಿಕೊಂಡು ತಮಿಳಿನಲ್ಲಿ ಉತ್ತರ ಕೊಡುವುದು ಅವಳ ಪದ್ಧತಿ. "ಅಮ್ಮಾ, ಅಪ್ಪಾ ಉನ್ ಚೇರ ನಗರ್ತ ವಿಡಮಾಟ್ರಾರು" ಎಂದಳು. ಅಪ್ಪ ನಿನ್ನ ಕುರ್ಚಿ ಸರಿಸಲು ಬಿಡುತ್ತಿಲ್ಲ. ಇನ್ನೂ ಸೇರಿಸಿದಳು: ಕೆಲಸದವಳು ಗುಡಿಸುವಾಗ ಕೂಡ ಬಿಡುವುದಿಲ್ಲ, ನೀನು ಬಿಟ್ಟುಹೋದ ಸ್ವೆಟರ್ ಇನ್ನೂ ಅದರ ಮೇಲೇ ಇದೆ, ಚೆನ್ನೈಯಲ್ಲಿ ಸ್ವೆಟರ್ ಯಾಕೆ ಎಂದು ಕೇಳಿದರೆ ಬಯ್ಯುತ್ತಾರೆ.

ನಾನು ಮೇಕೆಮರಿಗಳ ಕಡೆ ನೋಡುತ್ತಾ ನಿಂತೆ. ಫೋನಿನಲ್ಲಿ ಊಟದ ಡಬ್ಬಿಯ ಮುಚ್ಚಳ ಹಾಕಿದ ಸದ್ದು ಬಂತು. ಆಮೇಲೆ ಗಿರಿಜಾ, "ಫೋನು ಅಪ್ಪಂಗೆ ಕೊಡು" ಎಂದಳು. "ರೀ, ನಾನೊಂದು ಹೇಳ್ತೀನಿ, ನಗಬಾರದು" ಎಂದಳು. "ಇಲ್ಲಿ ನಾನು ನಮ್ಮ ಬ್ಯಾಂಕಿನ ಶಕುಂತಲಾ ಮೇಡಂ ಜೊತೆ ವಾಕಿಂಗ್ ಹೋಗ್ತೀನಲ್ಲ, ಅವರು ಮುಂದೆ ಮುಂದೆ ಹೋಗ್ತಿರ್ತಾರೆ. ನಾನು ಹಿಂದೆ ಗೋಡೆ ಪಕ್ಕಾನೇ ಒರಸ್ಕೊಂಡು ನಡೀತೀನಂತೆ. ಯಾಕ್ ಗಿರಿಜಾ, ರಸ್ತೆ ಇಷ್ಟ್ ಅಗಲ ಐತಿ, ಗ್ವಾಡಿಗೆ ಯಾಕ್ ತಿಕ್ಕೋತಿ ಅಂತ ಕೇಳಿದ್ರು. ಆಮೇಲೆ ಗೊತ್ತಾಯ್ತು. ರಸ್ತೆ ಕಡೆ ಯಾವಾಗ್ಲೂ ನೀವಿರ್ತಿದ್ರಲ್ಲ, ಆ ಜಾಗ ಬಿಟ್ಕೊಂಡೇ ನಡೀತಿದ್ದೀನಿ." ನಾನು ನಗಲಿಲ್ಲ. ಅವಳೇ ನಕ್ಕಳು. ಮೂಗು ಒರೆಸಿಕೊಂಡು, "ಕುರ್ಚಿ ಎಲ್ಲೂ ಓಡೋಗಲ್ಲ, ಅದನ್ನ ಸೈಕಲ್ ಎದುರಿಗೆ ಹಾಕ್ಕೊಳ್ಳಿ. ನಾನು ಬರೋ ಹೊತ್ತಿಗೆ ಮಂಡಿ ಸರಿಯಾಗಿರ್ಬೇಕು" ಎಂದಳು.

ಸೈಕಲ್ ಒಂದು ಪುಟ್ಟ ಟೆಂಪೋದಲ್ಲಿ ಮನೆಗೆ ಬಂತು. ಕುರ್ಚಿಯನ್ನು ನಾನೇ ಎತ್ತಿ ಎದುರಿಗೆ ಹಾಕಿದೆ. ಬೆಳಿಗ್ಗೆ ಆರಕ್ಕೆ ಅವಳು ದಾವಣಗೆರೆಯಲ್ಲಿ ಹೊರಡುತ್ತಾಳೆ, ನಾನು ವಡಪಳನಿಯಲ್ಲಿ ಫ್ಯಾನ್ ಹಾಕಿಕೊಂಡು ತುಳಿಯತೊಡಗುತ್ತೇನೆ, ಕಿವಿಯಲ್ಲಿ ಫೋನ್. ಏದುಸಿರಿನ ನಡುವೆ ಅವಳು ಮುಂದೆ ನಡೆಯುವ ಶಕುಂತಲಾ ಮೇಡಂಗೆ ಕೇಳದಂತೆ ಅವರ ಹೊಸ ಸೊಸೆಯ ಕಥೆ ಹೇಳುತ್ತಾಳೆ, ನಾನು ವಳ್ಳಿಯಮ್ಮನ ಹಳೇ ಸೊಸೆಯ ಕಥೆ ಹೇಳುತ್ತೇನೆ. ಒಮ್ಮೊಮ್ಮೆ ಸಿಗ್ನಲ್ ಹೋಗಿ, ಎರಡು ನಿಮಿಷ ಖಾಲಿ ಕುರ್ಚಿಗೇ ಕಥೆ ಹೇಳಿರುತ್ತೇನೆ. ನಡುವೆ ಎರಡು ಸಲ ಅವಳು ಊರಿಗೆ ಬಂದಳು, ಬಂದಳು ಎನ್ನುವುದರೊಳಗೆ ಹೋದಳು. ಮಂಡಿಯ ಊತ ಇಳಿಯಿತು, ಸ್ವಲ್ಪ ಹೊಟ್ಟೆಯೂ ಇಳಿಯಿತು. ಯುಗಾದಿಗೆ ಮುಂಚಿನ ವಾರ ಡಾಕ್ಟರ್, ಇನ್ನು ಮೆಲ್ಲಗೆ ನಡೆಯಬಹುದು ಎಂದರು.

ಯುಗಾದಿಗೆ ಗಿರಿಜಾ ನಾಲ್ಕು ದಿನ ರಜೆ ಹಾಕಿ ಬಂದಳು. ಮರುದಿನ ಬೆಳಿಗ್ಗೆ ಇಬ್ಬರೂ ಪಾರ್ಕಿಗೆ ಹೊರಟೆವು. ಇದಕ್ಕಾಗಿ ನಾನು ಹತ್ತು ತಿಂಗಳು ಕಾದಿದ್ದೆ. ಆದರೆ ದಾವಣಗೆರೆ ಅವಳನ್ನು ಕೆಡಿಸಿಬಿಟ್ಟಿತ್ತು. ಶಕುಂತಲಾ ಮೇಡಂ ಜೊತೆ ನಡೆದೂ ನಡೆದೂ ಅವಳ ಕಾಲಿಗೆ ಚಕ್ರ ಬಂದಿತ್ತು. ವಳ್ಳಿಯಮ್ಮನಿಗೆ ನಡೆಯುತ್ತಲೇ ಕೈ ಬೀಸಿದಳು, ನಾಯಿಯ ಕಡೆ ನೋಡಲಿಲ್ಲ. "ಬೇಗ ಬೇಗ ಬನ್ರೀ, ಉಸಿರು ಬಿಗೀಬೇಕು, ಆಗ್ಲೇ ಉಪಯೋಗ" ಎಂದಳು. ಇದೇ ವೇಗದಲ್ಲಿ ಹೋದರೆ ಇಪ್ಪತ್ತು ನಿಮಿಷಕ್ಕೆ ಎಲ್ಲ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಅವಳ ಸಮಕ್ಕೆ ನಡೆಯುವ ಶಕ್ತಿ ನನ್ನ ಕಾಲಿಗಿತ್ತು. ಅಷ್ಟು ತಿಂಗಳು ತುಳಿದಿದ್ದೇನೆ. ಮೊದಲ ತಿರುವಿನಲ್ಲಿ ನಾನು "ಅಮ್ಮಾ" ಎಂದು ಬಲಮಂಡಿ ಹಿಡಿದುಕೊಂಡು ನಿಂತೆ.

ಗಿರಿಜಾ ಓಡಿಬಂದಳು. ನನ್ನ ತೋಳು ಹಿಡಿದುಕೊಂಡಳು. ಅಲ್ಲಿಂದ ಮುಂದೆ ಹೆಜ್ಜೆಗೊಂದು ನಿಮಿಷದಂತೆ ನಡೆದೆವು. ಬೆಂಚಿನ ಮೇಲೆ ಕೂತೆವು, ಚಿಕ್ಕಮ್ಮನ ಗೃಹಪ್ರವೇಶ ಮತ್ತೆ ಬಂತು, ವಾಪಸು ಬರುವಾಗ ವಳ್ಳಿಯಮ್ಮ ಎದ್ದು ಬಂದು 'ಮುಟ್ಟಿ'ಗೆ ಹಚ್ಚಲು ಒಂದು ಎಣ್ಣೆ ಹೇಳಿದಳು. ಮನೆ ಸೇರುವಾಗ ಒಂದೂಕಾಲು ಗಂಟೆಯಾಗಿತ್ತು. ನನ್ನಷ್ಟು ಸುಖಿ ಅವತ್ತು ಚೆನ್ನೈಯಲ್ಲಿ ಇನ್ನೊಬ್ಬ ಇರಲಿಲ್ಲ.

ಆದರೆ ಗಿರಿಜಾ ಅಷ್ಟಕ್ಕೆ ಬಿಡುವವಳೇ? ಮರುದಿನ ಬೆಳಿಗ್ಗೆ ವಾಕಿಂಗ್ ರದ್ದಾಗಿ, ನಾನು ಡಾಕ್ಟರ ಮಂಚದ ಮೇಲಿದ್ದೆ. ಅವರು ಒತ್ತಿದರು, ಮಡಚಿದರು, ಚಾಚಿಸಿದರು. "ಸಾರ್, ಮುಟ್ಟಿ ಸೂಪರಾ ಇರುಕ್ಕೇ! ಎಂಗೆ ವಲಿ?" ಎಂದರು. ಮಂಡಿ ಚೆನ್ನಾಗಿಯೇ ಇದೆಯಲ್ಲ, ಎಲ್ಲಿ ನೋವು? ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ಗಾಬರಿಯಲ್ಲಿ ನಾನು ಎಡಮಂಡಿ ತೋರಿಸಿದೆ.

"ನೆನ್ನೆ ಕುಂಟಿದ್ದು ಬಲಗಾಲಲ್ಲಿ ಕಣ್ರೀ" ಎಂದಳು ಗಿರಿಜಾ, ಡಾಕ್ಟರಿಗೆ ತಿಳಿಯದ ಕನ್ನಡದಲ್ಲಿ. ಮೇಲಕ್ಕೆ ಮಡಚಿದ್ದ ನನ್ನ ಪ್ಯಾಂಟನ್ನು ಸರಿಮಾಡುತ್ತಾ, "ನಿಧಾನಕ್ಕೆ ನಡಿ ಅಂದಿದ್ರೆ ನಡೀತಿರ್ಲಿಲ್ವಾ ನಾನು?" ಎಂದಳು.

ಕ್ಲಿನಿಕ್ಕಿನಿಂದ ಮನೆಗೆ ಹತ್ತು ನಿಮಿಷದ ದಾರಿ. ಗಿರಿಜಾ ಆಟೋ ಬೇಡ ಎಂದಳು. ಬಿಸಿಲೇರುವ ತನಕ ಆ ಬೀದಿ ಈ ಬೀದಿ ಸುತ್ತಿಸಿ, ಕಾಫಿ ಕುಡಿಸಿ, ಇನ್ನೊಂದು ಬೀದಿ ಸುತ್ತಿಸಿ ಕರೆತಂದಳು. ನಮ್ಮ ಮನೆಯ ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಬಲಮಂಡಿ ನಿಜವಾಗಿಯೇ ಚುಳ್ ಎಂದಿತು. ಈ ಸಲ ನಾನು ಅದನ್ನು ಯಾರಿಗೂ ಹೇಳಲಿಲ್ಲ.