ಟಿ.ವಿ. ಯಹೂದಿಗಳ ತಯಾರಕರಿಗೆ, ಇನ್ನೂ ಬದುಕಿರುವ ಅಜ್ಜಿಯಿಂದ

ಧಾರಾವಾಹಿ ವಿಭಾಗದ ನಿರ್ದೇಶಕರ ದಿವ್ಯ ಸನ್ನಿಧಾನಕ್ಕೆ, ಪ್ಲೊವ್‌ಡಿವ್ ನಗರದ ಜಿಂಬುಲ್ ಅಲ್ಕಲಾಯ್ ಎಂಬ ಯಹೂದಿ ಮುದುಕಿಯ ಸಾವಿರ ವಂದನೆಗಳು.

ಮಾನ್ಯರೇ, ಪ್ರತಿ ಗುರುವಾರ ತಾವು ತೋರಿಸುವ ಯಹೂದಿ ಕುಟುಂಬವನ್ನು ನೋಡಿ ನನ್ನ ಜನ್ಮ ಸಾರ್ಥಕವಾಯಿತು. ಹುಟ್ಟಿದಾಗಿನಿಂದ ಯಹೂದಿಯಾಗಿಯೇ ಬದುಕಿದ್ದರೂ, ಊಟದಲ್ಲಿ ಉಪ್ಪು ಕೇಳುವಾಗಲೂ ಹಿಂದೆ ಪಿಟೀಲು ಅಳಬೇಕೆಂಬುದು ನನಗೆ ತಿಳಿದಿರಲಿಲ್ಲ. ನಮ್ಮ ಮನೆಯ ಗಂಡಸರು ಗಡ್ಡ ಬೋಳಿಸಿಕೊಂಡು, ಸುಟ್ಟ ಬದನೆಕಾಯಿ ತಿಂದು, ಫುಟ್‌ಬಾಲ್ ನೋಡಿ ಕೂಗಾಡುತ್ತಾ ಇಷ್ಟು ಕಾಲ ಯಾರಿಗೆ ಮೋಸ ಮಾಡುತ್ತಿದ್ದರೋ, ದೇವರೇ ಬಲ್ಲ. ಶುಕ್ರವಾರ ಸಂಜೆ ಹಚ್ಚಿ, ತಾನಾಗಿಯೇ ಆರಲು ಬಿಡಬೇಕಾದ ಸಬ್ಬತ್ತಿನ ದೀಪವನ್ನು ತಮ್ಮ ನಟಿ ಉಫ್ ಎಂದು ಊದಿ ಆರಿಸಿದಾಗಲೂ ನಾನು ತುಟಿ ಪಿಟಕ್ಕೆನ್ನಲಿಲ್ಲ.

ಆದರೆ ಹೋದ ತಿಂಗಳು ತಮ್ಮ ಧಾರಾವಾಹಿಯ ಬೈಲಾ ಅಜ್ಜಿ, ಮೊಮ್ಮಗಳಿಗೆ ತನ್ನ ಹೆಸರಿಡಲು ಹೊರಟವರನ್ನು ಕಂಡು, "ಅಯ್ಯೋ, ನನ್ನನ್ನ ಈಗ್ಲೇ ಮಣ್ಣು ಮಾಡ್ತೀರಾ!" ಎಂದು ಎದೆ ಬಡಿದುಕೊಂಡರಲ್ಲ, ಅಲ್ಲಿಗೆ ನನ್ನ ಗ್ರಹಚಾರ ಕೆಟ್ಟಿತು. ಬದುಕಿರುವವರ ಹೆಸರಿಡಬಾರದು, ಸತ್ತವರದಾದರೆ ಇಡಬಹುದು ಎಂಬುದು ಪೋಲೆಂಡಿನ ಕಡೆಯ ಯಹೂದಿಗಳ ನಿಯಮ, ಸ್ವಾಮಿ. ಸ್ಪೇನಿನಿಂದ ಬಂದ ನಮ್ಮಲ್ಲಿ ಅಜ್ಜಿ ಗಟ್ಟಿಮುಟ್ಟಾಗಿರುವಾಗಲೇ ಅವಳ ಹೆಸರಿಡುತ್ತಾರೆ, ಇಡದಿದ್ದರೇ ಅವಮಾನ. ನನಗೂ ಹಾಗೆಯೇ ಇಟ್ಟರು. ನನ್ನಜ್ಜಿ ಆಮೇಲೂ ಬಹುಕಾಲ ಎಲ್ಲರನ್ನೂ ಬೈದುಕೊಂಡು ಸುಖವಾಗಿದ್ದಳು.

ನನ್ನ ಸೊಸೆ ರಲಿತ್ಸಾ ಕ್ರೈಸ್ತರ ಹುಡುಗಿ. ಬಸುರಿಯಾದಾಗಿನಿಂದ ಹೊಟ್ಟೆಯನ್ನು "ಪುಟ್ಟ ಜಿಂಬುಲ್" ಎಂದೇ ಮಾತಾಡಿಸುತ್ತಿದ್ದಳು. ಆ ಕಂತು ನೋಡಿದವಳೇ ನನ್ನ ಕೈ ಹಿಡಿದು, "ಅತ್ತೆ, ನಿಮ್ಮ ಶಾಸ್ತ್ರ ಗೊತ್ತಿರ್ಲಿಲ್ಲ, ತಪ್ಪಾಯ್ತು. ನಿಮ್ಮ ಹೆಸರು ಖಂಡಿತ ಇಡಲ್ಲ, ನೀವು ನೂರು ವರ್ಷ ಬಾಳ್ಬೇಕು" ಎಂದು ಅತ್ತಳು. "ಅದು ನಮ್ಮ ಶಾಸ್ತ್ರ ಅಲ್ಲ ಕಣಮ್ಮ" ಎಂದರೆ, "ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ. ಟಿ.ವಿ.ಯೋರು ವಿಚಾರಿಸ್ದೇ ತೋರಿಸ್ತಾರಾ?" ಎಂದಳು. ಪಕ್ಕದಲ್ಲೇ ಸೂರ್ಯಕಾಂತಿ ಬೀಜ ಒಡೆಯುತ್ತಿದ್ದ ನನ್ನ ಮಗರಾಯ, "ಅವಳು ಹೇಳೋದೂ ಸರಿನೇ ಅಮ್ಮಾ" ಎಂದ. ಮೊನ್ನೆ ಹೆಣ್ಣುಮಗುವೇ ಹುಟ್ಟಿತು, ಬರುವ ಭಾನುವಾರ ಹೆಸರಿಡುವುದು.

ಆದ್ದರಿಂದ ತಾವು ದಯವಿಟ್ಟು ಬೈಲಾ ಅಜ್ಜಿಯನ್ನು, ಪಿಟೀಲಿನವನ ಸಮೇತ, ನಮ್ಮ ಮನೆಗೆ ಕಳುಹಿಸಿ, ನನ್ನ ಸೊಸೆಯ ಮುಂದೆ "ಬಾಯಿ ತಪ್ಪಿ ಅಂದೆ" ಎನ್ನಿಸಬೇಕು. ಆಗದಿದ್ದರೆ, ಹೆಸರಿಡುವ ಭಾನುವಾರದೊಳಗೆ ನಾನು ಸಾಯಲು ತಮಗೆ ಅನುಕೂಲವಾದ ವೇಳೆಯನ್ನಾದರೂ ತಿಳಿಸಬೇಕು. ಜಾಹೀರಾತಿನ ನಡುವೆಯಾದರೂ ನನಗೆ ಅಡ್ಡಿಯಿಲ್ಲ. ಇರುವವಳು ಒಬ್ಬಳೇ ಮೊಮ್ಮಗಳು, ಮಾನ್ಯರೇ. ಯಾರೋ ನನ್ನ ಹೆಸರು ಕೂಗಿದರೆ ಪುಟ್ಟ ಕಾಲಿನವಳೊಬ್ಬಳು ಓಡಿ ಬರುವುದನ್ನು ಕಣ್ಣಾರೆ ನೋಡುವ ಆಸೆ ನನಗಿತ್ತು.

ಇನ್ನೂ ಬದುಕಿರುವ ತಪ್ಪಿಗೆ ಕ್ಷಮೆ ಕೋರುತ್ತಾ,
ತಮ್ಮ ವಿಶ್ವಾಸಿ,
ಜಿಂಬುಲ್ ಅಲ್ಕಲಾಯ್

ತಾ.ಕ.: ಪತ್ರವನ್ನು ಅಂಚೆಗೆ ಹಾಕಲು ತಡವಾಯಿತು. ಅಷ್ಟರಲ್ಲಿ ತಾವು ಗುರುವಾರದ ಕಂತಿನಲ್ಲಿ ಬೈಲಾ ಅಜ್ಜಿಯನ್ನೇ ಸಾಯಿಸಿಬಿಟ್ಟಿರಿ. ಸೊಸೆ ಬಿಕ್ಕಿಬಿಕ್ಕಿ ಅತ್ತಳು. ಭಾನುವಾರ ನನ್ನ ಮೊಮ್ಮಗಳಿಗೆ ಬೈಲಾ ಎಂದು ಹೆಸರಿಟ್ಟರು. ಸತ್ತವರ ಹೆಸರಲ್ಲವೇ, ದೋಷವಿಲ್ಲವಂತೆ.