ಜೆಫ್ರಿ ಸಾಹೇಬರು ಎರವಲು ಪಡೆದ ನಗು

ಗಂಡಸಿಗೆ ಬರುವ ಸೋಲುಗಳಲ್ಲಿ ಹೆಚ್ಚಿನವನ್ನು ಹೇಳಿಕೊಂಡು ಹಗುರಾಗಬಹುದು. ಪ್ರಮೋಷನ್ ತಪ್ಪಿದರೆ ಬಾಸನ್ನು ಬೈಯಬಹುದು, ಕಾರು ಕೆಟ್ಟರೆ ಮೆಕ್ಯಾನಿಕ್ಕನ್ನು ಬೈಯಬಹುದು, ಹಿತ್ತಲಿನ ಕರಿಬೇವು ಒಣಗಿದರೆ ಆಸ್ಟ್ರೇಲಿಯಾದ ಮಣ್ಣನ್ನೇ ಬೈಯಬಹುದು. ಆದರೆ ಕಟ್ಟಿಕೊಂಡ ಹೆಂಡತಿ ತನ್ನ ಜೋಕಿಗೆ ನಗುವುದಿಲ್ಲ ಎಂಬ ಸಂಕಟವನ್ನು ಯಾರ ಹತ್ತಿರ ತೋಡಿಕೊಳ್ಳುವುದು? ಹೇಳಿದರೆ ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ನಗಬೇಕಾದವಳು ನಗದೆ, ನಗಬಾರದವರೆಲ್ಲ ನಗುವ ಈ ಸ್ಥಿತಿಯಲ್ಲಿ ನಾನು ಬಹಳ ವರ್ಷ ಸಂಸಾರ ಮಾಡಿದ್ದೇನೆ.

ಹಾಗಂತ ನಾನು ನಗಿಸಲು ಬಾರದವನೇನಲ್ಲ. ಸಿಡ್ನಿಯ ನಮ್ಮ ಕನ್ನಡದವರ ಕೂಟದಲ್ಲಿ ಯುಗಾದಿ ಇರಲಿ, ದೀಪಾವಳಿ ಇರಲಿ, ಮೈಕು ನನ್ನ ಕೈಯಲ್ಲೇ. ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ಡಾಕ್ಟರುಗಳು, ಪ್ರೊಫೆಸರುಗಳು ಹೊಟ್ಟೆ ಹಿಡಿದುಕೊಳ್ಳಲು ಸಿದ್ಧರಾಗುತ್ತಿದ್ದರು. ನನ್ನ ಹೆಂಡತಿ ವಿಶಾಲು ಮಾತ್ರ ಎರಡನೆಯ ಸಾಲಿನಲ್ಲಿ ಕುಳಿತು, ಹಿಂದಿನ ಟೇಬಲಿನ ಮೇಲಿದ್ದ ಬಿಸಿಬೇಳೆಭಾತಿಗೆ ಯಾರಾದರೂ ಮುಚ್ಚಳ ಹಾಕಿದ್ದಾರೋ ಇಲ್ಲವೋ ಎಂದು ತಿರುಗಿ ತಿರುಗಿ ನೋಡುತ್ತಿದ್ದಳು. ಮನೆಗೆ ಬರುವಾಗ ಕಾರಿನಲ್ಲಿ, "ಹೇಗಿತ್ತೇ ನನ್ನ ಭಾಷಣ?" ಎಂದು ಕೇಳಿದರೆ, "ಅದೇ ಜೋಕು ಹೋದ ವರ್ಷವೂ ಹೇಳಿದ್ರಿ. ಆಗ ಈ ಶರಟು ಇಸ್ತ್ರಿ ಆಗಿತ್ತು, ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದಳು. ಗಿರಾವೀನಿನ ನಮ್ಮ ಮನೆ ಬರುವವರೆಗೂ ನಾನು ರೇಡಿಯೋ ಕೇಳುತ್ತಿದ್ದೆ.

ಹೊಟ್ಟೆಪಾಡಿಗೆ ನಾನು ಮಾಡುತ್ತಿದ್ದ ಕೆಲಸಕ್ಕೂ ನಗುವಿಗೂ ಸಂಬಂಧವಿರಲಿಲ್ಲ. ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಸಿಡ್ನಿಯ ಒಂದು ಟೆಲಿವಿಷನ್ ಸ್ಟುಡಿಯೋದಲ್ಲಿ ಏರ್‌ಕಂಡೀಷನಿಂಗ್ ನೋಡಿಕೊಳ್ಳುತ್ತಿದ್ದೆ. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಲಂಡನ್ನಿನಿಂದ ಹಾಸ್ಯ ಧಾರಾವಾಹಿಗಳ ನಿರ್ಮಾಪಕರೊಬ್ಬರನ್ನು ಕರೆಸಿದರು. ಹೆಸರು ಜೆಫ್ರಿ. ಇಲ್ಲಿನವರು ಜೆಫ್ ಎಂದು ಕರೆದರೆ ಅವರಿಗೆ ಹಲ್ಲುನೋವು ಬಂದಂತಾಗುತ್ತಿತ್ತು. ನಾನು ಮಾತ್ರ ಮನಸ್ಸಿನಲ್ಲಿ ಜೆಫ್ರಿ ಸಾಹೇಬರು ಎಂದೇ ಕರೆಯುತ್ತಿದ್ದೆ. ಅಜ್ಜನ ಕಾಲದಿಂದ ಬಂದ ಅಭ್ಯಾಸ, ಸಮುದ್ರ ದಾಟಿದ ಮಾತ್ರಕ್ಕೆ ಹೋಗುವುದಿಲ್ಲ.

ಬಂದ ಮೊದಲ ವಾರವೇ ಸಾಹೇಬರು ನನ್ನನ್ನು ಕರೆಸಿ, ಸ್ಟುಡಿಯೋ ಇನ್ನೂ ತಣ್ಣಗಿರಬೇಕು ಎಂದರು. ಪ್ರೇಕ್ಷಕರು ನಡುಗುತ್ತಾರೆ ಸಾರ್ ಎಂದೆ. "ನಡುಗಲಿ. ಬೆಚ್ಚಗಿದ್ದರೆ ಜನ ತೂಕಡಿಸುತ್ತಾರೆ, ಚಳಿಯಾದರೆ ನಗುತ್ತಾರೆ" ಎಂದರು. ಲಂಡನ್ನಿನಲ್ಲಿ ಅಷ್ಟು ವರ್ಷ ಜನರನ್ನು ನಗಿಸಿದ ವಿದ್ಯೆಯೆಲ್ಲ ಕೊನೆಗೆ ನನ್ನ ಥರ್ಮೋಸ್ಟಾಟಿನಲ್ಲಿ ಬಂದು ನಿಂತಿತಲ್ಲ ಎಂದು ನನಗೆ ಹೆಮ್ಮೆಯಾಯಿತು. ಅವರು ಮಾತ್ರ ಎಂದೂ ನಗುತ್ತಿರಲಿಲ್ಲ. ನಟರು ಒಳ್ಳೆಯ ತಮಾಷೆ ಮಾಡಿದರೆ, ಡಾಕ್ಟರು ಎಕ್ಸ್‌ರೇ ನೋಡುವಂತೆ ನೋಡಿ, "ಹೂಂ, ಇದಕ್ಕೆ ನಗಬಹುದು" ಎನ್ನುತ್ತಿದ್ದರು.

ಅವರ ವೃತ್ತಿಜೀವನದ ಆಸ್ತಿ ಒಂದೇ ಒಂದು ಕಥೆ. ಸಮುದ್ರ ತೀರದ ಒಂದು ವಸತಿಗೃಹ, ಅದರ ಜೋರಿನ ಯಜಮಾನಿ, ಅಲ್ಲಿಗೆ ಬರುವ ಒಬ್ಬ ಪಾದ್ರಿ. ಪ್ರತಿ ಕಂತಿನಲ್ಲೂ ಯಾವುದೋ ಕಾರಣಕ್ಕೆ ಪಾದ್ರಿಯ ಪ್ಯಾಂಟು ಬೀಳಬೇಕು. ಇಂಗ್ಲೆಂಡಿನಲ್ಲಿ ಇದು ವರ್ಷಗಟ್ಟಲೆ ನಡೆಯಿತಂತೆ. ಆಮೇಲೆ ಬಂದ ಹುಡುಗರು ಸರ್ಕಾರವನ್ನು ಬೈದು ನಗಿಸಲು ಶುರುಮಾಡಿದ್ದರಿಂದ ಪ್ಯಾಂಟಿಗೆ ಬೆಲೆ ಇಲ್ಲದಾಗಿ, ಸಾಹೇಬರು ಅದನ್ನು ಆಸ್ಟ್ರೇಲಿಯಾಕ್ಕೆ ತಂದರು. ಇಲ್ಲಿನ ಬೀಚಿಗೆ ಹೊಂದುವಂತೆ ಪಾದ್ರಿಯನ್ನು ತೆಗೆದು, ಸಮುದ್ರದಲ್ಲಿ ಮುಳುಗುವವರನ್ನು ಕಾಪಾಡುವ ಲೈಫ್‌ಸೇವರ್ ಒಬ್ಬನನ್ನು ಹಾಕಿದರು. ಚಡ್ಡಿಯಲ್ಲೇ ಇರುವವನಿಗೆ ಬೀಳಲು ಪ್ಯಾಂಟೆಲ್ಲಿದೆ ಎಂಬುದು ರಿಹರ್ಸಲ್ಲಿನಲ್ಲಿ ಹೊಳೆಯಿತು. ಅವನನ್ನು ಬ್ಯಾಂಕ್ ಮ್ಯಾನೇಜರ್ ಮಾಡಿದರು. ಇಷ್ಟು ಬದಲಾವಣೆಗೆ ಪತ್ರಿಕೆಗಳಲ್ಲಿ 'ಅಪ್ಪಟ ಆಸ್ಟ್ರೇಲಿಯನ್ ಹಾಸ್ಯ' ಎಂದು ಜಾಹೀರಾತು ಬಂತು.

ಸಾಹೇಬರು ಲಿಫ್ಟಿನಲ್ಲಿ, ಕಾರಿಡಾರಿನಲ್ಲಿ ಏನಾದರೂ ಹೇಳಿದರೆ ನಾನು ನಗುತ್ತಿದ್ದೆ. ಅರ್ಥವಾಗುತ್ತಿತ್ತೇ ಎಂದು ಕೇಳಬೇಡಿ. ವಲಸೆ ಬಂದವನಿಗೆ ಈ ವಿದ್ಯೆ ಡ್ರೈವಿಂಗ್ ಲೈಸೆನ್ಸಿನಷ್ಟೇ ಅಗತ್ಯ. ಮಾತಿನ ಕೊನೆಯಲ್ಲಿ ಅವರ ಎಡಹುಬ್ಬು ಮೇಲೆ ಹೋಯಿತೆಂದರೆ ಅದು ಜೋಕು, ನಗಬೇಕು. ಎರಡೂ ಹುಬ್ಬು ಮೇಲೆ ಹೋದರೆ ಅದು ಕಂಪ್ಲೇಂಟು, ನಗಬಾರದು. ಮಾರ್ಟ್‌ಗೇಜ್ ತಲೆಯ ಮೇಲಿರುವವನು ಇಂಥದ್ದನ್ನು ಬೇಗ ಕಲಿಯುತ್ತಾನೆ.

ಧಾರಾವಾಹಿಯ ಮೊದಲ ರೆಕಾರ್ಡಿಂಗಿಗೆ ಪ್ರೇಕ್ಷಕರು ಸಾಲದೆ ಬಂದಾಗ, "ನಮ್ಮವರನ್ನು ಕರೆತರುತ್ತೇನೆ ಸಾರ್" ಎಂದು ನಾನೇ ಮುಂದೆ ಬಿದ್ದು ಹೇಳಿದೆ. ಸ್ಟುಡಿಯೋದವರು ಬಸ್ಸು ಕೊಟ್ಟರು, ಸ್ಯಾಂಡ್‌ವಿಚ್ ಕೊಡುತ್ತೇವೆ ಎಂದರು. ನಮ್ಮವರು ನಂಬದೆ ಪುಳಿಯೋಗರೆ ಕಟ್ಟಿಕೊಂಡು ಬಂದರು. ಒಳಗೆ ಚಳಿ ಎಂದು ನಾನು ಮೊದಲೇ ಎಚ್ಚರಿಸಿದ್ದೆನಾಗಿ ಗಂಡಸರು ಮಂಕಿ ಕ್ಯಾಪ್ ಹಾಕಿಕೊಂಡು, ಹೆಂಗಸರು ರೇಷ್ಮೆ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಶಾಲು ಹೊದ್ದು ಕುಳಿತರು. ಸಾಹೇಬರು ಸ್ವಾಗತ ಹೇಳಲು ಬಂದಾಗ ಎಲ್ಲರೂ ಎದ್ದು ನಿಂತುಬಿಟ್ಟರು. ಕೂರಿ ಎನ್ನುವವರೆಗೂ ಕೂರಲಿಲ್ಲ.

ರೆಕಾರ್ಡಿಂಗ್ ಶುರುವಾಯಿತು. ಯಜಮಾನಿ ಏನೋ ಅಂದಳು, ಬ್ಯಾಂಕ್ ಮ್ಯಾನೇಜರ್ ಏನೋ ಅಂದ. ನಮ್ಮವರು ದೊಡ್ಡ ವಿದ್ವಾಂಸರ ಉಪನ್ಯಾಸ ಕೇಳುವವರಂತೆ ಗಂಭೀರವಾಗಿ ತಲೆದೂಗಿದರು. ಮೇಲಿನ ಗಾಜಿನ ಕಿಟಕಿಯ ಹಿಂದೆ ಸಾಹೇಬರ ಮುಖ ಬಿಳುಚಿಕೊಂಡಿದ್ದು ನನಗೆ ಕಾಣುತ್ತಿತ್ತು. ಕರೆತಂದವನು ನಾನು, ಹೋಗುವ ಮಾನ ನನ್ನದು. ಧೈರ್ಯ ಮಾಡಿ ಗಟ್ಟಿಯಾಗಿ ನಕ್ಕೆ. ಯಾರೂ ಜೊತೆಗೂಡಲಿಲ್ಲ. ಮತ್ತೊಮ್ಮೆ ನಕ್ಕೆ. ಆಗ ನನ್ನ ಪಕ್ಕದಿಂದ ಒಂದು ಬಿಕ್ಕಳಿಕೆ ಬಂತು, ಆಮೇಲೆ ಕುಕ್ಕರಿನ ಸೀಟಿಯಂಥ ಒಂದು ಸದ್ದು, ಆಮೇಲೆ ತಡೆಯಿಲ್ಲದ ನಗು. ನೋಡಿದರೆ ನನ್ನ ವಿಶಾಲು! ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಳು. ಅವಳನ್ನು ನೋಡಿ ಹಿಂದಿನವರು ನಕ್ಕರು, ಅವರನ್ನು ನೋಡಿ ಎಲ್ಲರೂ ನಕ್ಕರು. ಕಂತು ಮುಗಿಯುವವರೆಗೂ ಅವಳು ನಿಲ್ಲಿಸಲಿಲ್ಲ.

ಸಾಹೇಬರು ಮೆಟ್ಟಿಲಿಳಿದು ಓಡಿಬಂದು, "ಮೇಡಂ, ಈ ದೇಶದಲ್ಲಿ ನನ್ನ ಹಾಸ್ಯ ಅರ್ಥವಾದದ್ದು ನಿಮಗೊಬ್ಬರಿಗೇ" ಎಂದು ಅವಳ ಕೈ ಕುಲುಕಿದರು. ಆ ನಗುವನ್ನು ಟೇಪಿನಲ್ಲಿ ಜೋಪಾನವಾಗಿಟ್ಟು, ಮುಂದಿನ ಕಂತುಗಳಿಗೂ ಅಲ್ಲಲ್ಲಿ ಅಂಟಿಸಿದರು. ನಗು ಅಂಟುರೋಗದಂತೆ ಹರಡಿ ಧಾರಾವಾಹಿ ಗೆದ್ದಿತು, ಸಾಹೇಬರಿಗೆ ಬಹುಮಾನಗಳು ಬಂದವು. ನಮ್ಮ ಮನೆಯಲ್ಲಿ ಪ್ರತಿ ವಾರ ಟಿ.ವಿ.ಯೊಳಗಿಂದ ನನ್ನ ಹೆಂಡತಿ ಇನ್ನೊಬ್ಬನ ಜೋಕಿಗೆ ನಗುತ್ತಿದ್ದಳು, ಹೊರಗೆ ಅದೇ ಹೆಂಡತಿ ನನ್ನೆದುರು ಮುಖ ಗಂಟುಹಾಕಿಕೊಂಡು ಹುರುಳಿಕಾಯಿ ಹೆಚ್ಚುತ್ತಿದ್ದಳು. "ಮಮ್, ದಟ್ಸ್ ಯೂ! ಬಟ್ ಇಟ್ಸ್ ನಾಟ್ ಈವನ್ ಫನ್ನಿ" ಎನ್ನುತ್ತಿದ್ದಳು ಮಗಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಒಳ್ಳೆಯ ಹೆಸರು ಕೊಡುವುದಿಲ್ಲ.

"ಅದರಲ್ಲಿ ಅಂಥಾದ್ದೇನಿತ್ತೇ ನಗೋಕೆ?" ಎಂದು ಕೇಳಿದೆ. "ನಗು ಬಂತು, ನಕ್ಕೆ. ಅದಕ್ಕೂ ನಿಮಗೆ ವಿವರಣೆ ಕೊಡಬೇಕಾ?" ಎಂದಳು. ಇಂಗ್ಲಿಷರ ಹಾಸ್ಯದಲ್ಲಿ ನನಗೆ ತಿಳಿಯದ ಯಾವುದೋ ಶಕ್ತಿ ಇರಬೇಕೆಂದು ನಾನು ಸಂಶೋಧನೆಗೆ ಇಳಿದೆ. ಒಂದು ಭಾನುವಾರ ಅವಳು ದೋಸೆ ಹುಯ್ಯುತ್ತಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಆಕಸ್ಮಿಕವೆಂಬಂತೆ ಪೈಜಾಮ ಬೀಳಿಸಿ ನೋಡಿದೆ. ಅವಳು ಸೌಟು ಕೂಡ ಕೆಳಗಿಡಲಿಲ್ಲ. "ಲಾಡಿ ಸರಿಯಾಗಿ ಕಟ್ಕೊಳ್ಳಿ ರೀ, ಮಗಳು ಬರ್ತಾಳೆ" ಎಂದಳು. ನನ್ನ ಸಂಶೋಧನೆ ಅಲ್ಲಿಗೆ ನಿಂತಿತು.

ಕೆಲವು ವರ್ಷಗಳಲ್ಲಿ ಸಿಡ್ನಿಗೂ ಪ್ಯಾಂಟು ಬೇಸರವಾಯಿತು. ತೊಂಬತ್ತರ ದಶಕದ ನಡುವೆ ಸಾಹೇಬರು ಮೆಲ್ಬರ್ನಿನ ಒಂದು ಸ್ಟುಡಿಯೋಕ್ಕೆ ಹೋಗಿ, ಬ್ಯಾಂಕ್ ಮ್ಯಾನೇಜರನ್ನು ಟ್ರಾಮ್ ಕಂಡಕ್ಟರ್ ಮಾಡಿ ಅದೇ ಕಥೆಯನ್ನು ಮತ್ತೆ ಎತ್ತಿದರು. ಅಲ್ಲಿ ಕಂಡಕ್ಟರುಗಳನ್ನೇ ತೆಗೆದುಹಾಕುವ ಮಾತು ನಡೆದಿದ್ದ ಕಾಲ. ಮೇಲಿನವರು ಮೊದಲ ಕಂತನ್ನು ಪ್ರೇಕ್ಷಕರ ಜೊತೆ ಕುಳಿತು ನೋಡಿ ತೀರ್ಮಾನ ಮಾಡುತ್ತೇವೆ ಎಂದಿದ್ದರಂತೆ. ಸಾಹೇಬರು ನಮ್ಮ ಮನೆಗೆ ಫೋನ್ ಮಾಡಿ, "ನಿಮ್ಮ ಹೆಂಡತಿ ಬಂದರೆ ನಾನು ಉಳಿದೆ. ಬಾರದಿದ್ದರೆ ಈ ವಯಸ್ಸಿನಲ್ಲಿ ನನಗೆ ಕೆಲಸ ಕೊಡುವವರಿಲ್ಲ" ಎಂದರು. ಆ ದನಿಯಲ್ಲಿ ಹುಬ್ಬು ಯಾವುದೂ ಏರಿರಲಿಲ್ಲವೆಂದು ನನಗೆ ಗೊತ್ತಾಯಿತು. ವಿಮಾನದ ಟಿಕೆಟು ಬಂತು. ಅವಳೊಬ್ಬಳೇ ಬರಲಾರಳೆಂದು ನಾನು ಹೇಳಿದ್ದರಿಂದ ಮಾರನೆಯ ದಿನ ನನ್ನದೂ ಬಂತು.

ಮೆಲ್ಬರ್ನಿನಲ್ಲಿ ಅವಳನ್ನು ಮೊದಲ ಸಾಲಿನ ನಡುವೆ, ಮೈಕಿನ ನೇರ ಕೆಳಗೆ, ದೇವರನ್ನು ಕೂರಿಸಿದಂತೆ ಕೂರಿಸಿದರು. ನಾನು ಪಕ್ಕದಲ್ಲಿ ಕೂರಹೋದಾಗ ಸಾಹೇಬರು ನನ್ನ ತೋಳು ಹಿಡಿದು, "ತಪ್ಪು ತಿಳಿಯಬೇಡಿ. ನಿಮ್ಮ ನಗು ಯಾವಾಗಲೂ ಸ್ವಲ್ಪ ಮೊದಲೇ ಬಂದುಬಿಡುತ್ತದೆ. ಎಡಿಟಿಂಗಿಗೆ ತೊಂದರೆ" ಎಂದು ನನ್ನನ್ನು ಕ್ಯಾಂಟೀನಿಗೆ ಕಳಿಸಿದರು. "ರೀ, ನೀವೆಲ್ಲಿ ಹೊರಟ್ರಿ?" ಎಂದು ವಿಶಾಲು ಗಾಬರಿಯಿಂದ ಕೇಳಿದ್ದು ಬೆನ್ನಹಿಂದೆ ಕೇಳಿಸಿತು. ಕ್ಯಾಂಟೀನಿನ ಟಿ.ವಿ.ಯಲ್ಲಿ ಸ್ಟುಡಿಯೋ ಕಾಣುತ್ತಿತ್ತು. ಯಜಮಾನಿ ಕಿರುಚಿದಳು, ಕಂಡಕ್ಟರನ ಪ್ಯಾಂಟು ಬಿತ್ತು, ಮತ್ತೊಮ್ಮೆ ಬಿತ್ತು. ವಿಶಾಲು ತೊಡೆಯ ಮೇಲೆ ವ್ಯಾನಿಟಿ ಬ್ಯಾಗ್ ಇಟ್ಟುಕೊಂಡು, ವೀಸಾ ಆಫೀಸಿನಲ್ಲಿ ತನ್ನ ಸರದಿಗೆ ಕಾಯುವವಳಂತೆ ಕುಳಿತಿದ್ದಳು. ಹಲ್ಲು ಕಾಣಿಸಲಿಲ್ಲ. ಅವಳು ನಗದಿದ್ದುದರಿಂದ ಪಕ್ಕದವರೂ ನಗಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಯಿತು, ಆದರೆ ಖುಷಿಯೇ ಹೆಚ್ಚಾಗಿತ್ತು. ಧಾರಾವಾಹಿ ಆ ಒಂದು ಕಂತಿಗೇ ಮುಗಿಯಿತು.

ಇಂಗ್ಲೆಂಡಿಗೆ ವಾಪಸು ಹೊರಡುವ ಮುನ್ನ ಸಾಹೇಬರು ಸಿಡ್ನಿಗೆ ಬಂದು, ವಿಳಾಸ ಹುಡುಕಿಕೊಂಡು ನಮ್ಮ ಮನೆಗೆ ಬಂದರು. ಸೊರಗಿದ್ದರು. ವಿಶಾಲು ಕಾಫಿ, ಕೋಡುಬಳೆ ತಂದಿಟ್ಟಳು. ಅವರು ಕೋಡುಬಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: "ಮೇಡಂ, ನಾನು ಕೋಪ ಮಾಡಿಕೊಳ್ಳಲು ಬಂದಿಲ್ಲ. ನಲವತ್ತು ವರ್ಷಗಳಿಂದ ಜನರನ್ನು ನಗಿಸುವುದೇ ನನ್ನ ಉದ್ಯೋಗ. ಆ ದಿನ ಸಿಡ್ನಿಯಲ್ಲಿ ನನ್ನ ಯಾವ ಜೋಕಿಗೆ ನಕ್ಕಿರಿ, ಅಷ್ಟು ಹೇಳಿಬಿಡಿ. ತಿಳಿದುಕೊಂಡು ಹೋಗುತ್ತೇನೆ."

ವಿಶಾಲು ನನ್ನ ಕಡೆ ನೋಡಿದಳು. "ಹೇಳಿಬಿಡ್ಲಾ ರೀ?" ಎಂದು ಕನ್ನಡದಲ್ಲಿ ಕೇಳಿದಳು.

"ಹೇಳು ಹೇಳು. ಪಾಪ, ಅವರ ಜೀವನದ ಪ್ರಶ್ನೆ" ಎಂದೆ. ನನಗೂ ಅದೇ ಬೇಕಾಗಿತ್ತು.

ಅವಳು ತನ್ನ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವಳದೇ ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಬೇಜಾರು ಮಾಡ್ಕೋಬೇಡಿ ಜೆಫ್ರಿ, ನಿಮ್ಮ ನಾಟಕ ನಾನು ನೋಡಲೇ ಇಲ್ಲ. ನಾನು ಇವರನ್ನ ನೋಡ್ತಿದ್ದೆ. ಇವರಿಗೆ ಒಂದು ಮಾತೂ ಅರ್ಥ ಆಗ್ತಿರಲಿಲ್ಲ. ಬಾಯಲ್ಲಿ ನಗು, ಕಣ್ಣಲ್ಲಿ ಗಾಬರಿ. ನಿಮ್ಮ ನಟರು ಮಾತು ಮುಗಿಸೋಕೆ ಮುಂಚೆನೇ ಇವರು ಹಹ್ಹಹ್ಹಾ ಅಂತ ಶುರು! ಆಮೇಲೆ ಸರಿಯಾದ ಜಾಗದಲ್ಲಿ ನಕ್ಕೆನೋ ಇಲ್ಲವೋ ಅಂತ ನಿಮ್ಮ ಕಿಟಕಿ ಕಡೆ ನೋಡೋದು. ಹೇಗೆ ತಡ್ಕೊಳ್ಳಲಿ ಹೇಳಿ? ಮೆಲ್ಬರ್ನಿನಲ್ಲಿ ನೀವು ಇವರನ್ನೇ ಆಚೆ ಕಳಿಸಿಬಿಟ್ರಿ."

ನನಗೆ ಅವಮಾನವಾಯಿತು, ಸುಳ್ಳೇಕೆ ಹೇಳಲಿ. ಅವಳನ್ನು ನಗಿಸಲು ನಾನು ಪಟ್ಟ ಪಾಡೆಲ್ಲ ವ್ಯರ್ಥವಾಗಿ, ಇನ್ನೊಬ್ಬರನ್ನು ಮೆಚ್ಚಿಸಲು ಪಟ್ಟ ಪಾಡಿಗೆ ಅವಳು ನಕ್ಕಿದ್ದಳು. ಸಾಹೇಬರಿಗೆ ಬಂದ ಬಹುಮಾನಗಳೆಲ್ಲ ನ್ಯಾಯವಾಗಿ ನನ್ನ ಮುಖಕ್ಕೆ ಸಲ್ಲಬೇಕಾದವು ಎಂಬ ಯೋಚನೆಯೂ ಬಂತು, ಆದರೆ ಅದನ್ನು ಯಾರ ಹತ್ತಿರ ಕೇಳುವುದು? ಸಾಹೇಬರು ನನ್ನನ್ನೇ ದಿಟ್ಟಿಸುತ್ತಿದ್ದರು. ಲಿಫ್ಟಿನಲ್ಲಿ, ಕಾರಿಡಾರಿನಲ್ಲಿ ನಾನು ನಕ್ಕದ್ದೆಲ್ಲ ಒಂದೊಂದಾಗಿ ಅವರ ನೆನಪಿಗೆ ಬರುತ್ತಿದ್ದಿರಬೇಕು. ಅವರ ತುಟಿ ಅದುರಿತು. ಮೂಗಿನಿಂದ ಒಂದು ಸದ್ದು ಬಂತು. ಮರುಕ್ಷಣ ಕೋಡುಬಳೆ ಕೈಜಾರಿ, ಆ ಮನುಷ್ಯ ಸೋಫಾದ ಮೇಲೆ ಹೊರಳಾಡಿ ನಗತೊಡಗಿದರು. ಅವರನ್ನು ನೋಡಿ ವಿಶಾಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಾಹೇಬರು ಉಸಿರು ಎಳೆದುಕೊಂಡು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, ಏನೋ ಹೇಳಲು ಬಾಯಿ ತೆರೆದರು. ಎಡಹುಬ್ಬು ಮೇಲೆ ಹೋಯಿತು. ಅವರು ಮೊದಲ ಪದವನ್ನೂ ಆಡುವ ಮುಂಚೆ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಇಬ್ಬರೂ ನನ್ನ ಮುಖ ನೋಡಿದರು, ನೋಡಿ ಮತ್ತೆ ಮೊದಲಿನಿಂದ ಶುರುಮಾಡಿದರು.