ಕುತ್ತಿಗೆಗೆ ಇಟ್ಟ ರಸಮಟ್ಟ

ನನಗೆ ಸೊಟ್ಟ ಕಂಡರೆ ಆಗುವುದಿಲ್ಲ. ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡಿನ ಗುಣ. ಇಪ್ಪತ್ತಾರು ವರ್ಷಗಳಿಂದ ಊರವರ ಮನೆಗಳಿಗೆ ಬಾಗಿಲು ಕೂರಿಸುತ್ತಿದ್ದೇನೆ. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಬಾಗಿಲು ಮುಚ್ಚುವುದಿಲ್ಲ, ಮುಚ್ಚಿದರೆ ತೆರೆಯುವುದಿಲ್ಲ. ಹೀಗಾಗಿ ನೆಂಟರ ಮನೆಗೆ ಹೋದರೂ ಮೊದಲು ಚೌಕಟ್ಟು ನೋಡುತ್ತೇನೆ, ಆಮೇಲೆ ನೆಂಟರ ಮುಖ. (ನಾನೇ ಕೂರಿಸಿದ ನಮ್ಮ ಅಡುಗೆಮನೆಯ ಬಾಗಿಲು ಮಾತ್ರ ಒಂದೂವರೆ ವರ್ಷದಿಂದ ನೆಲಕ್ಕೆ ಉಜ್ಜಿಕೊಂಡು ಗೋಳಿಡುತ್ತಿದೆ. ಹಿತ್ತಲ ಗಿಡ ಮದ್ದಲ್ಲ. ಆ ವಿಷಯ ಈಗ ಬೇಡ.)

ನನ್ನ ಹೆಂಡತಿ ಗ್ರಂಥಪಾಲಕಿ. ದಿನವಿಡೀ ಊರಿಗೆಲ್ಲ ‘ಶ್...’ ಎನ್ನುವುದೇ ಅವಳ ಉದ್ಯೋಗ. ಹಾಗೆ ಹೊರಗೆ ಬಿಡದೆ ಕೂಡಿಟ್ಟ ಸದ್ದನ್ನೆಲ್ಲ ಎಲ್ಲಿ ಹಾಕಬೇಕೆಂದು ತಿಳಿಯದೆಯೋ ಏನೋ, ನಲವತ್ತೆಂಟನೆಯ ವಯಸ್ಸಿನಲ್ಲಿ ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರ್ ತಂದಳು. ಮನೆಯ ಸಕಲ ವಸ್ತುಗಳಿಗೂ ಅಂಟಿಸಿದಂತೆ ಅದರ ಬೆನ್ನಿಗೂ ಒಂದು ಬಿಳಿ ಚೀಟಿ ಅಂಟಿಸಿ ನಂಬರು ಬರೆದಳು. (ಅಂಟಿಸದೆ ಬಿಟ್ಟಿರುವುದು ನನ್ನೊಬ್ಬನಿಗೆ.) ಎರಡು ವರ್ಷ, ಬೆರಳ ತುದಿ ಜಡ್ಡುಗಟ್ಟುವವರೆಗೆ ಕಲಿತಳು. ಈ ಶನಿವಾರ ಗ್ರಂಥಾಲಯಕ್ಕೆ ಐವತ್ತು ತುಂಬಿದ ಸಮಾರಂಭ. ಸಂಜೆ ಐದಕ್ಕೆ ಅವಳ ಮೊದಲ ಕಛೇರಿ. ಹಾಡು ಶುರುವಾಗುವುದೇ ಅವಳ ಗಿಟಾರಿನಿಂದ. ಡ್ರಮ್ಮು ಬಂದು ಸೇರುವವರೆಗೆ ಅರ್ಧ ನಿಮಿಷ ಅವಳೊಬ್ಬಳೇ. ಆ ಅರ್ಧ ನಿಮಿಷದ ಭಯಕ್ಕೆ ಅವಳು ಒಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಮೂರು ವಾರದ ಹಿಂದೆ ಅವಳು ಹೇಳಿದ್ದಳು, “ರೀ, ತಂತಿ ತುಂಬ ಮೇಲಿದೆ. ಒತ್ತಿ ಒತ್ತಿ ಬೆರಳು ನೋಯುತ್ತೆ. ರಿಪೇರಿಯವರ ಹತ್ರ ತಗೊಂಡು ಹೋಗ್ಲಾ?”

“ಮನೇಲೇ ಮೇಸ್ತ್ರಿ ಇಟ್ಕೊಂಡು ಹೊರಗಿನವರು ಯಾಕೆ? ಮರದ್ದೇ ತಾನೇ? ನಾನು ಮಾಡ್ಕೊಡ್ತೀನಿ.”

“ಅಡುಗೆಮನೆ ಬಾಗಿಲೂ ಮರದ್ದೇ.”

ಆಮೇಲೆ ಗಿಟಾರನ್ನು ಮರೆತೇಬಿಟ್ಟೆ. ನೆನಪಾದದ್ದು ಶನಿವಾರ ಬೆಳಿಗ್ಗೆ ಹತ್ತಕ್ಕೆ, ಅವಳು ಕುರ್ಚಿ ಜೋಡಿಸಲು ಗ್ರಂಥಾಲಯಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ.

“ಎರಡಕ್ಕೆ ಬರ್ತೀನಿ. ಒಂದ್ಸಲ ನುಡಿಸಿ ನೋಡ್ಕೊಂಡು, ಗಿಟಾರ್ ತಗೊಂಡು ಹೋಗ್ತೀನಿ. ಅದರ ಹತ್ರ ಯಾರೂ ಸುಳೀಬೇಡಿ.”

ಮನೆಯಲ್ಲಿ ಇದ್ದವರು ನಾನು ಮತ್ತು ನನ್ನ ಮಾವ. ಮಾವನಿಗೆ ಕುರ್ಚಿಯಿಂದ ಏಳಲು ಇಬ್ಬರ ಸಹಾಯ ಬೇಕು. ‘ಯಾರೂ’ ಅಂದದ್ದು ಯಾರಿಗೆ ಎಂದು ನನಗೆ ಗೊತ್ತಾಯಿತು. ಆದರೆ ಕೊಟ್ಟ ಮಾತು ದೊಡ್ಡದೋ, ಸುಳಿಯಬೇಡಿ ಎಂಬ ಮಾತು ದೊಡ್ಡದೋ? ನೋವಿನ ಬೆರಳಲ್ಲೇ ಅವಳು ವೇದಿಕೆ ಹತ್ತಬೇಕೇ? ನನ್ನ ಗಂಡಸುತನ ಎದ್ದು ನಿಂತಿತು. ಉಪಕರಣದ ಪೆಟ್ಟಿಗೆಯನ್ನೂ ಎತ್ತಿಕೊಂಡಿತು.

ಗಿಟಾರನ್ನು ಊಟದ ಮೇಜಿನ ಮೇಲೆ ಮಲಗಿಸಿ, ಒಂದು ಕಣ್ಣು ಮುಚ್ಚಿ, ಕುತ್ತಿಗೆಯ ಉದ್ದಕ್ಕೂ ದೃಷ್ಟಿ ಹಾಯಿಸಿದೆ. ಕುತ್ತಿಗೆ ಬಾಗಿತ್ತು! ಚೌಕಟ್ಟಿನ ಸೊಟ್ಟ ಅಳೆಯುವ ರಸಮಟ್ಟ ಇಟ್ಟು ನೋಡಿದೆ. ಅದರಡಿ, ಕುತ್ತಿಗೆಯ ನಡುವೆ, ಬೆಳಕು ತೂರುವಷ್ಟು ಸಂದು.

“ನೋಡಿ ಮಾವ, ಎಷ್ಟು ಸೊಟ್ಟ! ಇದನ್ನ ಮಾರಿದವನಿಗೆ ನಾಚಿಕೆ ಬೇಡ್ವಾ?”

ಮಾವ ಪತ್ರಿಕೆಯಿಂದ ತಲೆ ಎತ್ತಲಿಲ್ಲ. “ಅಳಿಯಂದಿರೇ, ಎರಡು ವರ್ಷದಿಂದ ಅದು ಹಾಗೇ ಹಾಡ್ತಾ ಇದೆ.”

“ಹಾಡ್ತಾ ಇದೆ ಅಂತ ಸೊಟ್ಟ ಬಿಡಕ್ಕಾಗುತ್ತಾ?”

ಕುತ್ತಿಗೆಯ ಒಳಗೆ ಒಂದು ಉಕ್ಕಿನ ಸರಳು ಇರುತ್ತದೆ, ಗಿಟಾರಿನ ತಲೆಯ ಬುಡದ ತೂತಿಗೆ ಆರು ಮೂಲೆಯ ಅಲೆನ್ ಕೀ ಹಾಕಿ ತಿರುಗಿಸಿದರೆ ಕುತ್ತಿಗೆ ನೆಟ್ಟಗಾಗುತ್ತದೆ ಎಂದು ಎಲ್ಲೋ ಕೇಳಿದ್ದೆ. ಕೀ ಹಾಕಿ ತಿರುಗಿಸಿದೆ. ಮತ್ತೆ ರಸಮಟ್ಟ. ಮತ್ತೆ ತಿರುಗಿಸಿದೆ. ನಾಲ್ಕನೆಯ ಸಲಕ್ಕೆ ಸಂದು ಮಾಯ. ಆಹಾ, ಬಾಗಿಲ ಚೌಕಟ್ಟಿಗೂ ಅಂಥ ನೇರ ಬಂದಿರಲಿಲ್ಲ! ಅದೇ ಹುಮ್ಮಸ್ಸಿನಲ್ಲಿ ಗಿಟಾರಿನ ಬುಡದ ಕಡೆ ಹೋದೆ. ಅಲ್ಲಿ ಪ್ರತಿ ತಂತಿಗೂ ಅದನ್ನು ಎತ್ತಿ ಹಿಡಿಯುವ ಒಂದೊಂದು ಪುಟ್ಟ ಕುದುರೆ, ಪ್ರತಿ ಕುದುರೆಗೂ ಎರಡೆರಡು ತಿರುಪು. ಆರು ಕುದುರೆಗಳನ್ನೂ ಇಳಿಸಿ ತಂತಿಗಳನ್ನು ಮರದ ಹತ್ತಿರಕ್ಕೆ ತಂದೆ. ಇನ್ನು ಹೆಂಡತಿ ಬೆರಳಿಟ್ಟರೆ ಸಾಕು, ಒತ್ತುವುದೇ ಬೇಡ.

ತಂತಿ ಮೀಟಿದೆ.

‘ಝರ್ರ್ರ್’ ಎಂದಿತು.

ಇನ್ನೊಂದು ತಂತಿ ಮೀಟಿದೆ. ಅದೂ ಝರ್ರ್. ಮೂರನೆಯದರ ಮೇಲೆ ಬೆರಳಿಟ್ಟರೆ ಸದ್ದೇ ಇಲ್ಲ. ‘ಟಕ್’ ಎಂದು ಸತ್ತುಹೋಯಿತು.

“ನೊಣ ಬಂತಾ?” ಎಂದರು ಮಾವ.

ನೆಟ್ಟಗಾದದ್ದು ಸಾಲದೇನೋ ಎಂದು ಸರಳನ್ನು ಇನ್ನೊಂದು ಸುತ್ತು ಬಿಗಿದೆ. ಒಳಗಿನಿಂದ ‘ಕಟಕ್’ ಎಂಬ ಸದ್ದು ಬಂತು. ಗಿಟಾರಿನ ಕುತ್ತಿಗೆಯೋ ನನ್ನ ಕುತ್ತಿಗೆಯೋ ತಿಳಿಯಲಿಲ್ಲ. ಈಗ ಕುತ್ತಿಗೆ ಹಿಂದಕ್ಕೆ ಬಾಗಿ, ಸೆಟೆದುಕೊಂಡ ಸೊಸೆಯ ಹಾಗೆ ನಿಂತಿತ್ತು. ತಂತಿಗಳೆಲ್ಲ ಮರಕ್ಕೆ ಅಂಟಿ ಮಲಗಿದ್ದವು.

“ಮುರೀತಾ?”

“ಸುಮ್ನಿರಿ ಮಾವ, ಕೈ ಮುಗೀತೀನಿ.”

“ನನಗೆ ಮುಗಿದು ಏನು ಪ್ರಯೋಜನ? ಎರಡು ಗಂಟೆಗೆ ಬರ್ತಾಳಲ್ಲ, ಅವಳಿಗೆ ಮುಗೀರಿ. ಅಷ್ಟಕ್ಕೂ ಎಷ್ಟು ಸುತ್ತು ತಿರುಗಿಸಿದ್ರೋ ಅಷ್ಟು ವಾಪಸ್ ತಿರುಗಿಸಿ. ಗುರುತು ಹಾಕಿಕೊಂಡಿದ್ದೀರಲ್ಲ?”

ಇಪ್ಪತ್ತಾರು ವರ್ಷದಲ್ಲಿ ಗುರುತು ಹಾಕದೆ ನಾನು ಒಂದು ಮೊಳೆ ಹೊಡೆದವನಲ್ಲ. ಪೆನ್ಸಿಲ್ ಎಲ್ಲಿ ಎಂದು ತಡಕಿದೆ. ಕಿವಿಯ ಮೇಲಿತ್ತು. ಬೆಳಿಗ್ಗೆಯಿಂದ ಅಲ್ಲೇ ಇತ್ತು.

ಗೋಡೆ ಗಡಿಯಾರ ಹನ್ನೆರಡು ಹೊಡೆಯಿತು. ನನ್ನ ಕಣ್ಣ ಮುಂದೆ ಆ ಅರ್ಧ ನಿಮಿಷ ಬಂತು. ತುಂಬಿದ ಸಭೆ, ನಡುವೆ ಒಬ್ಬಳೇ ನನ್ನ ಹೆಂಡತಿ, ಕೈಯಲ್ಲಿ ಝರ್ರ್ ಎನ್ನುವ ಗಿಟಾರ್. ಇಡೀ ಊರಿಗೆ ಸದ್ದು ಮಾಡಬೇಡಿ ಎಂದವಳು, ತಾನು ಸದ್ದು ಮಾಡುವ ದಿನ ಹೀಗಾಗಬೇಕೇ? ನಿಜ ಹೇಳುತ್ತೇನೆ, ಬೈಸಿಕೊಳ್ಳುವ ಭಯಕ್ಕಿಂತ ಆ ಚಿತ್ರದ ಭಯವೇ ಹೆಚ್ಚಾಗಿತ್ತು.

ಗಿಟಾರನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲ ನಡುವೆ ನಿಲ್ಲಿಸಿಕೊಂಡು, ವಾದ್ಯ ರಿಪೇರಿಯ ಅಂಗಡಿಗೆ ಹಾರಿದೆ. ಅಂಗಡಿಯವ ಬೋಳುತಲೆಯ ಶಾಂತ ಮನುಷ್ಯ. ಕಾಲಲ್ಲಿ ಏನೋ ತಾಳ ಹಾಕುತ್ತಲೇ ಕೆಲಸ ಮಾಡುವವನು.

“ಸ್ನೇಹಿತರದ್ದು,” ಎಂದೆ. “ಯಾವನೋ ದಡ್ಡ ಕೈ ಹಾಕಿ ಕೆಡಿಸಿದಾನೆ. ಎರಡು ಗಂಟೆಯೊಳಗೆ ಆಗ್ಬೇಕು.”

ಅವನು ಗಿಟಾರನ್ನು ತಿರುಗಿಸಿ ಬೆನ್ನಿನ ಬಿಳಿ ಚೀಟಿ ನೋಡಿದ. ನನ್ನ ಕಿವಿಯ ಮೇಲಿನ ಪೆನ್ಸಿಲ್ ನೋಡಿದ. ತಾಳ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

“ಓಹೋ. ಆ ದಡ್ಡ ಕುತ್ತಿಗೆನ ಪೂರ್ತಿ ನೆಟ್ಟಗೆ ಮಾಡಕ್ಕೆ ಹೋಗಿದಾನೆ ಸಾರ್.”

“ನೆಟ್ಟಗಿರಬೇಕಲ್ವಾ?”

“ಚೂರು ಬಾಗಿರಬೇಕು. ತಂತಿ ಅಲುಗಾಡುತ್ತೆ, ಅದಕ್ಕೆ ಜಾಗ ಬೇಡ್ವಾ? ಈ ತುದಿ ಆ ತುದಿ ಒತ್ತಿ ಹಿಡಿದ್ರೆ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರಬೇಕು, ಅಷ್ಟೆ. ಬಾಗೇ ಇಲ್ಲ ಅಂದ್ರೆ ಎಲ್ಲಾ ಒಂದಕ್ಕೊಂದು ತಾಗಿ ಕಿರಿಕಿರಿ.” ಅವನು ನಕ್ಕ. “ಸಂಸಾರಸ್ಥರಿಗೆ ನಾನೇನು ಹೇಳೋದು.”

‘ಕಟಕ್’ ಎಂದದ್ದು ಬಿರುಕಲ್ಲ, ಸರಳು ಜರುಗಿದ ಸದ್ದಂತೆ. ಅವನು ಸರಳನ್ನು ಸಡಿಲಿಸಿದ, ಕಾರ್ಡು ತೂರಿಸಿ ನೋಡಿದ, ಕುದುರೆಗಳನ್ನು ಒಂದೊಂದಾಗಿ ಎಬ್ಬಿಸಿದ. ಮುಕ್ಕಾಲು ಗಂಟೆ ನಾನು ಅವನ ಬೆರಳನ್ನೂ ಗಡಿಯಾರವನ್ನೂ ಸರದಿಯಲ್ಲಿ ನೋಡುತ್ತ ಉಗುರು ಕಚ್ಚಿದೆ. ಕೊನೆಗೆ ತಂತಿ ಮೀಟಿದ. ಗಂಟೆ ಬಾರಿಸಿದ ಹಾಗೆ ಸ್ವಚ್ಛವಾದ ಸದ್ದು ಹೊರಟಿತು. ನನಗೆ ಅಳು ಬಂತು.

ಎರಡಕ್ಕೆ ಐದು ನಿಮಿಷವಿದ್ದಾಗ ಗಿಟಾರ್ ತನ್ನ ಜಾಗದಲ್ಲಿತ್ತು. ಹೆಂಡತಿ ಬಂದಳು, ಕೈ ತೊಳೆದಳು, ನುಡಿಸಿದಳು.

“ಚೆನ್ನಾಗಿದೆ,” ಎಂದಳು.

ಬಾಯಿ ಮುಚ್ಚಿಕೊಂಡಿದ್ದರೆ ಬದುಕುತ್ತಿದ್ದೆ. ಆದರೆ ಮುಚ್ಚಲಿಲ್ಲ.

“ಮಾತು ಕೊಟ್ಟಿದ್ನಲ್ಲ, ನಾನೇ ಸರಿ ಮಾಡ್ದೆ. ಕುತ್ತಿಗೆಗೆ ಚೂರು ಬಾಗು ಇರಬೇಕು ನೋಡು. ವಿಸಿಟಿಂಗ್ ಕಾರ್ಡ್ ತೂರುವಷ್ಟು.”

ಮಾವ ಪತ್ರಿಕೆಯ ಹಿಂದೆ ಕೆಮ್ಮಿದರು. ಹೆಂಡತಿ ನನ್ನನ್ನೇ ನೋಡಿದಳು. “ಹೌದಾ? ಎಷ್ಟೆಲ್ಲಾ ತಿಳ್ಕೊಂಡಿದೀರಿ!” ಎಂದು ಗಿಟಾರ್ ಹೆಗಲಿಗೇರಿಸಿಕೊಂಡು ಹೋದಳು.

ಐದು ಗಂಟೆಗೆ ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಪರದೆ ಸರಿಯಿತು. ಕೆಂಪು ಗಿಟಾರ್ ಹಿಡಿದು ನನ್ನ ಹೆಂಡತಿ. ಅವಳ ಹಿಂದೆ, ಡ್ರಮ್ಮುಗಳ ನಡುವೆ, ಒಂದು ಬೋಳುತಲೆ. ಅದು ನನ್ನ ಕಡೆಗೇ ಬಾಗಿ ನಮಸ್ಕರಿಸಿತು.

ಆ ಅರ್ಧ ನಿಮಿಷ ಅವಳು ಹೇಗೆ ನುಡಿಸಿದಳೆಂದರೆ, ನಾನು ನನ್ನ ಗತಿಯನ್ನೂ ಮರೆತು ಉಸಿರು ಹಿಡಿದಿದ್ದೆ. ಒಂದು ತಂತಿಯೂ ಝರ್ರ್ ಎನ್ನಲಿಲ್ಲ. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಎಲ್ಲ ಮುಗಿದ ಮೇಲೆ ಬೋಳುತಲೆಯವನು ಬಂದು ಕೈ ಕುಲುಕಿದ.

“ನಿಮ್ಮ ಸ್ನೇಹಿತರು ಭರ್ಜರಿಯಾಗಿ ನುಡಿಸಿದ್ರು ಸಾರ್. ಗುರುವಾರ ಮೇಡಂ ತಂದಾಗ ನಾನು ಹೇಗೆ ಮಾಡಿಕೊಟ್ಟಿದ್ನೋ, ಹಾಗೇ ಇತ್ತಲ್ಲ?”

ಗುರುವಾರ! ಅಂದರೆ ಶನಿವಾರ ಬೆಳಿಗ್ಗೆ ಆ ಗಿಟಾರಿಗೆ ಏನೂ ಆಗಿರಲಿಲ್ಲ. ಪಕ್ಕದಲ್ಲೇ ಹೆಂಡತಿ ವೈರು ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ. ಮನೆಗೆ ಬರುವಾಗಲೂ ಒಂದು ಮಾತಿಲ್ಲ, ಊಟಕ್ಕೆ ಬಡಿಸುವಾಗಲೂ ಇಲ್ಲ. ಬೈದಿದ್ದರೆ ನೆಮ್ಮದಿಯಾಗಿ ನಿದ್ದೆಯಾದರೂ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಮರ ಹೆರೆಯುವ ಕೀಸುಳಿಯ ಸದ್ದಿಗೆ ಎಚ್ಚರವಾಯಿತು. ನನ್ನ ಕೀಸುಳಿಯ ಸದ್ದು ನನಗೆ ಗೊತ್ತು, ಇದು ನನ್ನದಲ್ಲ. ಓಡಿಬಂದು ನೋಡಿದರೆ, ಅಡುಗೆಮನೆಯ ಬಾಗಿಲನ್ನು ಬಿಚ್ಚಿ ಮಲಗಿಸಿಕೊಂಡು ಮೀಸೆ ಮೇಸ್ತ್ರಿ ಉಜ್ಜುತ್ತಿದ್ದಾನೆ. ಇಪ್ಪತ್ತು ವರ್ಷದಿಂದ ನನ್ನ ಗಿರಾಕಿಗಳನ್ನು ಕಸಿಯುತ್ತಿರುವ, ‘ಅವನಿಗೆ ಬಾಗಿಲಿಗೂ ಹಲಗೆಗೂ ವ್ಯತ್ಯಾಸ ಗೊತ್ತಿಲ್ಲ’ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿರುವ, ಅದೇ ಮೀಸೆ ಮೇಸ್ತ್ರಿ! ಅವನೂ ನನ್ನನ್ನು ಕಂಡು ಬೆಚ್ಚಿದ.

“ಇದು ನಿಮ್ಮನೇನಾ? ಮೇಡಂ ಫೋನಲ್ಲಿ, ಸ್ನೇಹಿತರ ಮನೆ ಬಾಗಿಲು ಅಂದ್ರಲ್ಲ!” ಅವನು ಬಾಗಿಲನ್ನೂ ನನ್ನನ್ನೂ ಒಮ್ಮೆ ನೋಡಿದ. ಮೀಸೆಯ ಕೆಳಗೆ ನಗು ನಿಧಾನವಾಗಿ ಅಗಲವಾಯಿತು. “ಯಾವನೋ ದಡ್ಡ ಕೂರಿಸಿದ್ದು ಅಂತಾನೂ ಅಂದ್ರು.”

ಒಳಗೆ ಒಲೆಯ ಮುಂದೆ ನಿಂತಿದ್ದ ಹೆಂಡತಿ ತಿರುಗಿ ನನ್ನನ್ನು ನೋಡಿದಳು. ಮಾವ ಪತ್ರಿಕೆ ಕೆಳಗಿಟ್ಟರು. ನಾನು ಕುತ್ತಿಗೆಯನ್ನು ಚೂರು, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಬಾಗಿಸಿದೆ.

“ಹೌದು ಮೇಸ್ತ್ರಿ,” ಎಂದೆ. “ಯಾವನೋ ದಡ್ಡ.”